ಹಳೇ ಹಗ್ಗಕ್ಕೆ ದುಡ್ಡು ಕೊಡುತ್ತಿದ್ದವರು ಯಾರು?

ಬ್ರಿಟಿಷ್ ಟೀವಿ ಕಾರ್ಯಕ್ರಮ ನೋಡುವವರಿಗೆ, ಇಂಗ್ಲೆಂಡಿನ ಕ್ಲೈಂಟುಗಳ ಜೊತೆ ಕೆಲಸ ಮಾಡುವವರಿಗೆ ‘ಮನಿ ಫಾರ್ ಓಲ್ಡ್ ರೋಪ್’ ಎಂಬ ಮಾತು ಯಾವಾಗಲಾದರೂ ಕಿವಿಗೆ ಬಿದ್ದಿರುತ್ತದೆ. ಹಳೇ ಹಗ್ಗಕ್ಕೆ ಸಿಕ್ಕ ದುಡ್ಡು. ಅಂದರೆ ಮೈ ಬಗ್ಗಿಸದೆ, ಕೆಲವೊಮ್ಮೆ ಏನೂ ಮಾಡದೆ ಕೈಗೆ ಬಂದ ಹಣ. ಕೈ ಕೆಸರಾದರೆ ಬಾಯಿ ಮೊಸರು ಅಂತೀವಲ್ಲ, ಇದು ಕೈ ಕೆಸರಾಗದೆಯೇ ಬಾಯಿಗೆ ಮೊಸರು ಬಿದ್ದ ಕಥೆ.

ಒಬ್ಬ ಸಲಹೆಗಾರ ಆಫೀಸಿಗೆ ಬರುತ್ತಾನೆ. ಅಲ್ಲಿನವರೇ ಹೋದ ವರ್ಷ ಬರೆದಿಟ್ಟ ವರದಿಯನ್ನು ತರಿಸಿಕೊಳ್ಳುತ್ತಾನೆ. ಮುಖಪುಟ ಬದಲಿಸಿ, ನಾಲ್ಕು ಬಣ್ಣದ ಚಾರ್ಟ್ ಸೇರಿಸಿ, ದೊಡ್ಡ ಮೊತ್ತದ ಬಿಲ್ ಇಟ್ಟು ಹೋಗುತ್ತಾನೆ. ಹಿಂದಿನ ಸಾಲಿನಲ್ಲಿ ಕೂತವನು ಪಕ್ಕದವನ ಕಿವಿಯಲ್ಲಿ ಹೇಳುವ ಮಾತು ಇದೇ. ಸ್ವಲ್ಪ ತಮಾಷೆ, ಸ್ವಲ್ಪ ಹೊಟ್ಟೆಕಿಚ್ಚು. ಲಾಟರಿ ಹೊಡೆದವನಿಗೆ ಈ ಮಾತು ಸಲ್ಲುವುದಿಲ್ಲ, ಅದು ಬರೀ ಅದೃಷ್ಟ. ಇಲ್ಲಿ ಕೊಡುವವನೊಬ್ಬ, ತೆಗೆದುಕೊಳ್ಳುವವನೊಬ್ಬ ಇರಬೇಕು. ನಡುವೆ ಒಂದು ಸರಕೋ ಕೆಲಸವೋ ಇರಬೇಕು. ಅದಕ್ಕೆ ಇಷ್ಟು ಬೆಲೆ ಇಲ್ಲವಲ್ಲ ಅಂತ ನೋಡುವವರಿಗೆ ಅನ್ನಿಸಬೇಕು.

ಸರಿ, ಆದರೆ ಹಗ್ಗವೇ ಯಾಕೆ? ಹಳೇ ಚಪ್ಪಲಿ, ಹಳೇ ಬಟ್ಟೆ ಯಾವುದೂ ಆಗಬಹುದಿತ್ತು, ಅಲ್ವಾ? ಇದಕ್ಕೆ ಎಲ್ಲರೂ ಹೇಳುವ ಒಂದು ಉತ್ತರ ಇದೆ. ಹಡಗಿನ ಹಳೇ ಹಗ್ಗವನ್ನು ನಾವಿಕರು ಮಾರುತ್ತಿದ್ದರು, ಸುಲಭವಾಗಿ ಕಾಸು ಸಿಗುತ್ತಿತ್ತು, ಅಲ್ಲಿಂದ ಈ ಮಾತು ಬಂತು ಅಂತ. ಕೇಳೋಕೆ ಚೆನ್ನಾಗಿದೆ. ಅದರಲ್ಲಿ ಹಗ್ಗದ ಸಂಗತಿ ನಿಜ. ‘ಸುಲಭ’ ಅನ್ನೋದು ಮಾತ್ರ ಅಷ್ಟು ನಿಜವಲ್ಲ.

ಹಾಯಿ ಹಡಗಿನ ಕಾಲದಲ್ಲಿ ಹಗ್ಗ ಎಷ್ಟು ಬೇಕಿತ್ತು ಅನ್ನೋದನ್ನು ಮೊದಲು ನೋಡಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಎಚ್‌ಎಂಎಸ್ ವಿಕ್ಟರಿ ಎಂಬ ಯುದ್ಧನೌಕೆಯನ್ನು ಇವತ್ತಿಗೂ ಕಾಪಾಡಿಟ್ಟಿದ್ದಾರೆ. 1765ರಲ್ಲಿ ನೀರಿಗಿಳಿದ ಹಡಗು. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾ ದಳಪತಿ ನೆಲ್ಸನ್ ಗುಂಡೇಟು ತಿಂದು ಸತ್ತದ್ದು ಇದರಲ್ಲೇ. ಅದರ ಕೂವೆಮರಗಳಿಗೆ, ಹಾಯಿಗಳಿಗೆ ಕಟ್ಟಿದ ಹಗ್ಗವೆಲ್ಲ ಸೇರಿದರೆ ಸುಮಾರು 26 ಮೈಲಿ, ಅಂದರೆ 42 ಕಿಲೋಮೀಟರ್. ಬೆಂಗಳೂರಿನಿಂದ ಎಳೆದುಕೊಂಡು ಹೊರಟರೆ ಬಿಡದಿ ದಾಟುತ್ತದೆ. ಇದು ಒಂದು ಹಡಗಿನ ಲೆಕ್ಕ. ಲಂಗರಿನ ಹಗ್ಗವಂತೂ ಎರಡು ಅಡಿ ಸುತ್ತಳತೆಯದು, ಒಂದು ಕೈಯಲ್ಲಿ ಹಿಡಿಯೋಕೆ ಆಗುವಂಥದ್ದಲ್ಲ.

ಇಷ್ಟು ಹಗ್ಗ ಹೊಸೆಯಲು ಉದ್ದನೆಯ ಜಾಗ ಬೇಕು. ಚಾಥಮ್ ಎಂಬ ಊರಿನ ನೌಕಾನೆಲೆಯಲ್ಲಿ 1618ರಿಂದ ಹಗ್ಗ ಹೊಸೆಯುತ್ತಿದ್ದಾರೆ. 18ನೇ ಶತಮಾನದ ಕೊನೆಗೆ ಕಟ್ಟಿದ ಅಲ್ಲಿನ ಹಗ್ಗದ ಮನೆಯ ಉದ್ದ ಸುಮಾರು 346 ಮೀಟರ್. ಈಗಲೂ ಅಲ್ಲಿ ಹಗ್ಗ ತಯಾರಾಗುತ್ತದೆ. ಬಳಸುತ್ತಿದ್ದದ್ದು ಹೆಂಪ್ ನಾರು. ನಮ್ಮ ಸಣಬಿನ ಥರ ಕಾಣುತ್ತದೆ, ಗಿಡ ಮಾತ್ರ ಗಾಂಜಾದ ಜಾತಿ. ಅದರಲ್ಲಿ ಬಹುಪಾಲು ರಷ್ಯಾದ ಕಡೆಯಿಂದ, ರೀಗಾ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ಬಂದರುಗಳಿಂದ ಬರುತ್ತಿತ್ತು. ನೀರಿಗೆ ಕೊಳೆಯಬಾರದು ಅಂತ ಅದಕ್ಕೆ ಪೈನ್ ಮರದ ಟಾರ್ ಹಚ್ಚುತ್ತಿದ್ದರು. ದೂರದಿಂದ ದುಡ್ಡು ಕೊಟ್ಟು ತರಿಸಿದ ಮಾಲು. ಹಳೆಯದಾಯಿತು ಅಂತ ಯಾರು ತಾನೇ ಸಮುದ್ರಕ್ಕೆ ಎಸೆಯುತ್ತಾರೆ?

ಎಸೆಯುತ್ತಿರಲಿಲ್ಲ. ಸವೆದ ಹಗ್ಗದಲ್ಲಿ ಚೆನ್ನಾಗಿದ್ದ ಎಳೆ ಆರಿಸಿ ಮತ್ತೆ ಹೊಸೆಯುತ್ತಿದ್ದರು. ಅದೂ ಆಗದಿದ್ದರೆ ಚಾಪೆ. ಹಡಗು ದಡಕ್ಕೆ ಬಡಿಯದಂತೆ ತೂಗುಬಿಡುವ ಮೆತ್ತೆ. ಹೀಗೆ ಎತ್ತಿಟ್ಟ ಹಗ್ಗದ ತುಂಡುಗಳಿಗೆ ನಾವಿಕರ ಭಾಷೆಯಲ್ಲಿದ್ದ ಹೆಸರು ‘ಜಂಕ್’. ಹೌದು, ನಾವು ಮಕ್ಕಳಿಗೆ ತಿನ್ನಬೇಡ ಅಂತ ಗದರುವ ಜಂಕ್ ಫುಡ್‌ನ ಜಂಕ್ ಅದೇ. ಮೊದಲು ಹಳೇ ಹಗ್ಗ, ಆಮೇಲೆ ಹಡಗಿನ ಯಾವುದೇ ಹಳೇ ಸಾಮಾನು, ಆಮೇಲೆ ಗುಜರಿ, ಕೊನೆಗೆ ಕಸ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಲೆ ಇದ್ದಲ್ಲಿ ಕಳ್ಳತನವೂ ಇರಬೇಕಲ್ಲ. 17ನೇ ಶತಮಾನದ ಕೊನೆಗೇ ಇಂಗ್ಲೆಂಡಿನಲ್ಲಿ ಇದಕ್ಕೊಂದು ಕಾನೂನು ಬಂತು. ರಾಜನ ನೌಕಾಪಡೆಗೆಂದು ಮಾಡಿದ ದಪ್ಪ ಹಗ್ಗದೊಳಗೆ ಒಂದು ಬಿಳಿ ಎಳೆಯನ್ನು ಉಲ್ಟಾ ದಿಕ್ಕಿಗೆ ಹೊಸೆದಿರುತ್ತಿದ್ದರು. ಅಂಥ ಹಗ್ಗ ಹೊರಗಿನವರ ಬಳಿ ಸಿಕ್ಕರೆ, ಕೊಂಡದ್ದಕ್ಕೆ ಚೀಟಿ ತೋರಿಸದಿದ್ದರೆ, ಅವರು ಸಿಕ್ಕಿಬಿದ್ದ ಹಾಗೆಯೇ. ಬರಬರುತ್ತಾ ಒಂದೊಂದು ಹಗ್ಗದ ಕಾರ್ಖಾನೆಗೂ ಒಂದೊಂದು ಬಣ್ಣದ ಎಳೆ ಬಂತು. ಹಗ್ಗದ ತುದಿ ಬಿಚ್ಚಿ ನೋಡಿದರೆ ಇದು ಚಾಥಮಿನದೋ ಬೇರೆ ಕಡೆಯದೋ ಅಂತ ಗೊತ್ತಾಗುತ್ತಿತ್ತು. ‘ರೋಗ್ಸ್ ಯಾರ್ನ್’, ಅಂದರೆ ಕಳ್ಳನ ಎಳೆ ಅಂತಲೇ ಅದಕ್ಕೆ ಹೆಸರು. ಸುಮ್ನೆ ಯಾರೂ ಇಷ್ಟು ತಲೆ ಓಡಿಸುವುದಿಲ್ಲ. ಹಳೇ ಹಗ್ಗಕ್ಕೆ ಪೇಟೆಯಲ್ಲಿ ಗಿರಾಕಿ ಇದ್ದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗಿರಾಕಿಗಳಿಗೆ ಬೇಕಿದ್ದದ್ದು ಹಗ್ಗ ಅಲ್ಲ, ಅದರೊಳಗಿನ ನಾರು. ಹಗ್ಗದ ಹುರಿ ಬಿಚ್ಚಿ, ಎಳೆ ಎಳೆಯಾಗಿ ಬಿಡಿಸಿ, ಉಜ್ಜಿ ಉಜ್ಜಿ ಮೆತ್ತಗೆ ಮಾಡಿದ ಆ ನಾರಿಗೆ ಓಕಮ್ ಅನ್ನುತ್ತಾರೆ. ಮರದ ಹಡಗು ಅಂದರೆ ಹಲಗೆಗೆ ಹಲಗೆ ಜೋಡಿಸಿದ್ದು. ಎಷ್ಟೇ ಚೆನ್ನಾಗಿ ಕೂರಿಸಿದರೂ ನಡುವೆ ಸಂದಿ ಇರುತ್ತದೆ, ಸಂದಿಯಿಂದ ನೀರು ಒಳಗೆ ಬರುತ್ತದೆ. ಸಂದಿ ಮುಚ್ಚುವ ಕೆಲಸದವನು ಓಕಮ್ ಅನ್ನು ತೊಡೆಯ ಮೇಲೆ ಹೊಸೆದು ಬತ್ತಿಯಂತೆ ಮಾಡಿಕೊಳ್ಳುತ್ತಿದ್ದ. ಅದನ್ನು ಸಂದಿಗೆ ಇಟ್ಟು, ಮೊಂಡ ಉಳಿಯಂಥ ಕಬ್ಬಿಣ ಒತ್ತಿ ಹಿಡಿದು, ಮರದ ಸುತ್ತಿಗೆಯಿಂದ ಹೊಡೆದು ಒಳಗೆ ತುರುಕುತ್ತಿದ್ದ. ಮೇಲೆ ಕಾಯಿಸಿದ ಡಾಂಬರು ಸುರಿಯುತ್ತಿದ್ದ. ಹಡಗು ನೀರಿಗಿಳಿದ ಮೇಲೆ ಹಲಗೆಗಳು ಊದಿಕೊಂಡು ಸಂದಿ ಇನ್ನೂ ಬಿಗಿಯಾಗುತ್ತಿತ್ತು. ಹಡಗು ಓಡಾಡುತ್ತಾ ಹಲಗೆ ಅಲುಗಾಡುತ್ತವೆ, ನಾರು ಸಡಿಲವಾಗುತ್ತದೆ. ಹಾಗಾಗಿ ಇದು ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ಓಕಮ್ ಸದಾ ಬೇಕು.

ಈಗ ಬರೋಣ ಮುಖ್ಯ ಪ್ರಶ್ನೆಗೆ. ಹಗ್ಗದಿಂದ ನಾರು ಬಿಡಿಸುತ್ತಿದ್ದವರು ಯಾರು?

ಕೈದಿಗಳು. ಮತ್ತೆ, ಬಡತನವೊಂದೇ ಅಪರಾಧವಾಗಿದ್ದ ಜನ.

ಟಾರ್ ಕುಡಿದು ಗಟ್ಟಿಯಾದ ಹಗ್ಗ ಕಟ್ಟಿಗೆಯಂತೆ ಇರುತ್ತದೆ. ಮೊದಲು ಅದನ್ನು ಗೇಣುದ್ದದ ತುಂಡು ಮಾಡುತ್ತಿದ್ದರು. ಒಂದೊಂದು ತುಂಡನ್ನೂ ಬಿಚ್ಚಿ ಪುರಿ ಬೇರ್ಪಡಿಸಬೇಕು. ಪುರಿ ಬಿಚ್ಚಿ ಎಳೆ ಬೇರ್ಪಡಿಸಬೇಕು. ಎಳೆಯನ್ನು ಮೊಣಕಾಲ ಮೇಲೆ ಹೊರಳಿಸಿ, ಬೆರಳಲ್ಲಿ ತಿಕ್ಕಿ, ನಾರು ಬಿಡಿ ಬಿಡಿಯಾಗುವ ತನಕ ಬಿಡಬಾರದು. ಕೆಲವು ಕಡೆ ಮೊಣಕಾಲಿಗೆ ಕಟ್ಟಿಕೊಳ್ಳಲು ಒಂದು ಕಬ್ಬಿಣದ ಕೊಕ್ಕೆ ಕೊಡುತ್ತಿದ್ದರು. ಇಲ್ಲದಿದ್ದರೆ ಉಗುರೇ ಗತಿ. ಟಾರ್ ಉಗುರ ಸಂದಿಗೆ ಹೋಗಿ ಕೂರುತ್ತದೆ, ಬೆರಳ ತುದಿ ಒಡೆದು ರಕ್ತ ಬರುತ್ತದೆ, ದೂಳು ಮೂಗಿಗೆ ಅಡರುತ್ತದೆ. ಕಲ್ಲಲ್ಲಿ ನಾರು ತೆಗೆಯೋದು ಅಂತ ನಾವು ಜಿಪುಣರ ಬಗ್ಗೆ ಹೇಳುತ್ತೇವೆ. ಇವರು ದಿನಾ ಮಾಡುತ್ತಿದ್ದದ್ದು ಹೆಚ್ಚೂಕಡಿಮೆ ಅದನ್ನೇ.

ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿನಲ್ಲಿ ಇದಕ್ಕೆಂದೇ ಒಂದು ದೊಡ್ಡ ಹಾಲ್ ಇತ್ತು. ಪತ್ರಕರ್ತ ಹೆನ್ರಿ ಮೇಹ್ಯೂ ಅಲ್ಲಿಗೆ ಹೋಗಿ ಬರೆದದ್ದು 1862ರಲ್ಲಿ ಅಚ್ಚಾಯಿತು. ನೂರಾರು ಗಂಡಸರು ಬೆಂಚುಗಳ ಮೇಲೆ ಸಾಲು ಸಾಲಾಗಿ ಕೂತು ಹಗ್ಗ ಬಿಡಿಸುತ್ತಿದ್ದರು. ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ, ಮೌನವೂ ಶಿಕ್ಷೆಯ ಭಾಗ. ಕಠಿಣ ಶಿಕ್ಷೆ ಬಿದ್ದವನ ಪಾಲಿಗೆ ದಿನಕ್ಕೆ 3ರಿಂದ 6 ಪೌಂಡ್ ಹಗ್ಗ, ಅಂದರೆ ಸುಮಾರು ಒಂದೂಕಾಲು ಕೆಜಿಯಿಂದ ಎರಡೂಮುಕ್ಕಾಲು ಕೆಜಿ. ಹುರಿ ಎಷ್ಟು ಬಿಗಿ ಇದೆ ಅನ್ನೋದರ ಮೇಲೆ ತೂಕ ಹೆಚ್ಚುಕಡಿಮೆ ಆಗುತ್ತಿತ್ತು. 1895ರಲ್ಲಿ ಎರಡು ವರ್ಷ ಕಠಿಣ ಶಿಕ್ಷೆಗೆ ಒಳಗಾದ ಆಸ್ಕರ್ ವೈಲ್ಡ್‌ಗೂ ಇದೇ ಕೆಲಸ ಬಿತ್ತು. ಲಂಡನ್ನಿನ ನಾಟಕ ಮಂದಿರಗಳೆಲ್ಲ ಮೆಚ್ಚಿ ತಲೆದೂಗಿದ್ದ ಮನುಷ್ಯ ಪೆಂಟನ್‌ವಿಲ್ ಜೈಲಲ್ಲಿ ಕೂತು ಹಗ್ಗ ಬಿಡಿಸಿದ.

ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಕೈದಿಗಳಿಂದ ತೆಂಗಿನ ಸಿಪ್ಪೆ ಬಡಿಸಿ ಕತ್ತ ತೆಗೆಸುತ್ತಿದ್ದದ್ದು ನಮಗೆ ಗೊತ್ತು. ನಾರು ಬೇರೆ, ಆಳುವವರ ಬುದ್ಧಿ ಒಂದೇ. ದುಬಾರಿ ಯಂತ್ರ ಬೇಡ, ಕಲಿಸುವ ಕಷ್ಟ ಇಲ್ಲ. ಸಂಜೆ ತಕ್ಕಡಿಗೆ ಹಾಕಿದರೆ ಯಾರು ಎಷ್ಟು ಮಾಡಿದರು ಅಂತ ತಕ್ಷಣ ಗೊತ್ತಾಗುತ್ತದೆ. ಜೈಲು ನಡೆಸುವವರಿಗೆ ಇದಕ್ಕಿಂತ ಅನುಕೂಲದ ಕೆಲಸ ಯಾವುದಿದೆ?

ಬಡವರ ಕಥೆ ಇನ್ನೂ ಬೇಸರದ್ದು. 1834ರ ಬಡವರ ಕಾನೂನು ಬಂದ ಮೇಲೆ ಇಂಗ್ಲೆಂಡಿನ ತುಂಬಾ ವರ್ಕ್‌ಹೌಸುಗಳು ಎದ್ದವು. ಗತಿಯಿಲ್ಲದವರನ್ನು ಒಳಗೆ ಹಾಕಿ, ಗಂಜಿ ಕೊಟ್ಟು, ಗೇಯಿಸುವ ಮನೆಗಳು. ಒಂದು ರಾತ್ರಿ ತಂಗಲು ಬರುವ ಅಲೆಮಾರಿಗಳಿಗೂ ಅಲ್ಲೊಂದು ಕೋಣೆ ಇರುತ್ತಿತ್ತು, ಬೆಳಗ್ಗೆ ಅದರ ಋಣ ತೀರಿಸಬೇಕಿತ್ತು. 1882ರ ನಿಯಮದ ಪ್ರಕಾರ ಗಂಡಸು ಒಂದು ದಿನಕ್ಕೆ ಬಿಡಿಸಬೇಕಾದ್ದು 4 ಪೌಂಡ್ ಹಗ್ಗ. ಮೊದಲೇ ಬಡಿದು ಸಡಿಲ ಮಾಡಿದ್ದಾದರೆ 8 ಪೌಂಡ್. ಹೆಂಗಸಿಗೆ ಅದರಲ್ಲಿ ಅರ್ಧ. ಇಂಥ ಕೋಣೆಗಳನ್ನು ಜನ ‘ಸ್ಪೈಕ್’ ಅಂತ ಕರೆಯುತ್ತಿದ್ದರು. ಹಗ್ಗ ಬಿಡಿಸುವ ಮೊಳೆಯಿಂದಲೇ ಆ ಹೆಸರು ಬಂತು ಎಂದು ಕೆಲವರ ವಾದ. ಗಿಲ್‌ಫರ್ಡ್ ಊರಲ್ಲಿ ಅಂಥ ಒಂದು ಸ್ಪೈಕ್ ಉಳಿದಿದೆ, ಈಗ ಅದು ಮ್ಯೂಸಿಯಂ.

ಹೀಗಿರುವಾಗ ಹಳೇ ಹಗ್ಗದಲ್ಲಿ ಸುಲಭದ ದುಡ್ಡು ಯಾರಿಗೆ ಸಿಕ್ಕಿರಬಹುದು? ಬಿಡಿಸಿದವರಿಗಂತೂ ಅಲ್ಲ. ಹಗ್ಗವನ್ನು ರಾಶಿಗಟ್ಟಲೆ ಮಾರಿದವನಿಗೆ ಸಿಕ್ಕಿರಬಹುದು. ಅವನ ಕೈಗೆ ಟಾರ್ ಮೆತ್ತುತ್ತಿರಲಿಲ್ಲ. ಹಾಗಾಗಿ ‘ನಾವಿಕರು ಸುಲಭವಾಗಿ ಕಾಸು ಮಾಡುತ್ತಿದ್ದರು’ ಎಂದು ಹೇಳಿ ಮುಗಿಸುವವರು ಕಥೆಯ ಮುಕ್ಕಾಲು ಭಾಗವನ್ನು ಬಿಟ್ಟೇಬಿಡುತ್ತಾರೆ.

ಆ ಕಥೆಯಲ್ಲಿ ಇನ್ನೂ ಒಂದು ತೊಡಕಿದೆ. ತಾರೀಖು ಹೊಂದುವುದಿಲ್ಲ. ಓಕಮ್‌ಗೆ ಒಳ್ಳೆಯ ಕಾಲ ಇದ್ದದ್ದು ಮರದ ಹಡಗುಗಳ ಯುಗದಲ್ಲಿ. 1860ರಲ್ಲಿ ಎಚ್‌ಎಂಎಸ್ ವಾರಿಯರ್ ಎಂಬ ಕಬ್ಬಿಣದ ಮೈಯ ಯುದ್ಧನೌಕೆ ನೀರಿಗಿಳಿಯಿತು. ಕಬ್ಬಿಣದ ತಗಡಿನ ಸಂದಿಗೆ ನಾರು ತುರುಕುವ ಕೆಲಸವಿಲ್ಲ. ಅಲ್ಲಿಂದ ಮುಂದೆ ಓಕಮ್ ಕೇಳುವವರು ಕಡಿಮೆಯಾಗುತ್ತಾ ಹೋದರು. ‘ಮನಿ ಫಾರ್ ಓಲ್ಡ್ ರೋಪ್’ ಎಂಬ ಮಾತು ಬರಹದಲ್ಲಿ ಕಾಣಿಸಿಕೊಳ್ಳುವುದು 20ನೇ ಶತಮಾನದಲ್ಲಿ. ಅದೂ ನಾವಿಕರ ಬಾಯಲ್ಲಿ ಹುಟ್ಟಿದ್ದಕ್ಕಿಂತ ಸಿಪಾಯಿಗಳ ಆಡುಮಾತಿನದು ಎಂದು ನಿಘಂಟು ಮಾಡುವವರು ಗುರುತಿಸುತ್ತಾರೆ. ಹಗ್ಗಕ್ಕೆ ಬೆಲೆ ಇದ್ದಾಗ ಮಾತು ಇಲ್ಲ, ಬೆಲೆ ಬಿದ್ದುಹೋದ ಮೇಲೆ ಮಾತು ಬಂತು. ಇದು ಸ್ವಲ್ಪ ಯೋಚಿಸಬೇಕಾದ ವಿಷಯ.

ಇದೇ ಅರ್ಥದ ಇನ್ನೊಂದು ಮಾತೂ ಸಿಪಾಯಿಗಳ ನಡುವೆಯೇ ಇತ್ತು: ‘ಮನಿ ಫಾರ್ ಜಾಮ್’. ಬ್ರೆಡ್ಡಿಗೆ ಹಚ್ಚುವ ಜಾಮ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಟಿಕ್ಲರ್ ಕಂಪನಿಯ ಪ್ಲಮ್-ಆ್ಯಪಲ್ ಜಾಮ್ ಡಬ್ಬಿಗಟ್ಟಲೆ ಬರುತ್ತಿತ್ತು. ತಿಂದು ತಿಂದು ಸಾಕಾಗಿ ಹೋಗಿತ್ತು ಅವರಿಗೆ. ಖಾಲಿ ಡಬ್ಬಿಗೆ ಸ್ಫೋಟಕ ತುಂಬಿ ಕೈಬಾಂಬ್ ಮಾಡಿಕೊಂಡದ್ದೂ ಉಂಟು. ಜಾಮ್ ಆಗಲಿ ಹಳೇ ಹಗ್ಗ ಆಗಲಿ, ಎರಡರಲ್ಲೂ ಜೋಕ್ ಒಂದೇ. ಬೆಲೆ ಇಲ್ಲದ್ದಕ್ಕೆ ಯಾರೋ ಬೆಲೆ ಕೊಟ್ಟರು.

ಆಗಲೇ ನೆನಪಿಟ್ಟುಕೊಳ್ಳಿ ಎಂದ ಜಂಕ್ ಇಲ್ಲಿಗೆ ಬರುತ್ತದೆ. 20ನೇ ಶತಮಾನದ ಹೊತ್ತಿಗೆ ಹಳೇ ಹಗ್ಗ ಅಂದರೆ ಮೂಲೆಗೆ ಬಿಸಾಕಿದ ಸಾಮಾನು. ಅದನ್ನು ಮಾರಿ ಯಾರಾದರೂ ದುಡ್ಡು ತಂದರೆ ‘ನೋಡಪ್ಪಾ ಇವನ ಅದೃಷ್ಟ’ ಎಂದು ನಗುವುದು ಸಹಜ. ಈ ಮಾತನ್ನು ಅರ್ಥ ಮಾಡಿಕೊಳ್ಳಲು ಓಕಮ್ ಏನೆಂದು ಗೊತ್ತಿರಲೇಬೇಕು ಅಂತೇನಿಲ್ಲ. ನನಗೆ ಹೆಚ್ಚು ಒಪ್ಪುವುದು ಈ ಸರಳ ವಿವರಣೆಯೇ. ಒಂದು ವಿಷಯ ಮಾತ್ರ ಓಕಮ್ ಕಥೆಯ ಪರವಾಗಿ ಹೇಳಬೇಕು. ಹಡಗುಗಳು ಕಬ್ಬಿಣದ್ದಾದ ಮೇಲೂ ಜೈಲು, ವರ್ಕ್‌ಹೌಸುಗಳು ಹಗ್ಗ ಬಿಡಿಸುವುದನ್ನು ತಟ್ಟನೆ ನಿಲ್ಲಿಸಲಿಲ್ಲ. ಲಾಭ ಹೋಗಿತ್ತು, ಶಿಕ್ಷೆ ಉಳಿದಿತ್ತು. ಸೈನ್ಯಕ್ಕೆ ಸೇರುತ್ತಿದ್ದ ಬಡವರ ಮನೆ ಹುಡುಗರಿಗೆ ಹಳೇ ಹಗ್ಗ ಎಂದ ಕೂಡಲೇ ಏನು ನೆನಪಾಗುತ್ತಿತ್ತೋ, ಊಹಿಸಬಹುದು. ಆದರೆ ಅದನ್ನು ಬಿಡಿಸಿ ಗೊತ್ತಿದ್ದವನು ಅದಕ್ಕೆ ಸುಲಭದ ದುಡ್ಡು ಎಂದು ಹೆಸರಿಟ್ಟಿರಲಾರ.

ಮೂರನೆಯ ಕಥೆಯೂ ಒಂದಿದೆ. ಇದು ಗಲ್ಲಿಗೇರಿಸುವವನ ಹಗ್ಗದ್ದು. ಓದುವವರಿಗೆ ಮೈ ಜುಮ್ಮೆನ್ನಬೇಕು ಅಂತಲೇ ಎಲ್ಲರೂ ಇದನ್ನು ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ವಿಲಿಯಂ ಕಾಲ್‌ಕ್ರಾಫ್ಟ್ ಎಂಬಾತ 1829ರಿಂದ 1874ರ ತನಕ ಲಂಡನ್ನಿನಲ್ಲಿ ಗಲ್ಲಿಗೇರಿಸುವ ಕೆಲಸದಲ್ಲಿದ್ದ. ಸಂಬಳ ವಾರಕ್ಕೊಂದು ಗಿನಿ, ಒಂದೊಂದು ಗಲ್ಲಿಗೆ ಮತ್ತೊಂದು ಗಿನಿ. ಗಿನಿ ಅಂದರೆ 21 ಶಿಲ್ಲಿಂಗ್. ಸತ್ತವನ ಬಟ್ಟೆ, ಬಳಸಿದ ಹಗ್ಗ ಅವನಿಗೇ ಸೇರುತ್ತಿತ್ತು. ಬಟ್ಟೆಯನ್ನು ಮೇಡಂ ಟುಸ್ಸಾಡ್ಸ್ ಮೇಣದ ಗೊಂಬೆಯ ಮನೆಯವರು ಕೊಳ್ಳುತ್ತಿದ್ದರು. ಕುಖ್ಯಾತ ಕೊಲೆಗಾರನ ಹಗ್ಗವಾದರೆ ಇಂಚಿನ ಲೆಕ್ಕದಲ್ಲಿ ಮಾರಾಟ, ಇಂಚಿಗೆ 5 ಶಿಲ್ಲಿಂಗಿನಿಂದ ಒಂದು ಪೌಂಡ್ ತನಕ. ಪೌಂಡ್ ಅಂದರೆ 20 ಶಿಲ್ಲಿಂಗ್. ಒಳ್ಳೆ ರೇಟು ಸಿಕ್ಕರೆ ಒಂದಿಂಚು ಹಗ್ಗ ಅವನ ಒಂದು ಗಲ್ಲಿನ ಕೂಲಿಯ ಹತ್ತಿರ ಹತ್ತಿರಕ್ಕೆ ಬರುತ್ತಿತ್ತು! ಅಕ್ಷರಶಃ ಹಳೇ ಹಗ್ಗಕ್ಕೆ ದುಡ್ಡು ಅಂದರೆ ಇದೇ. ಆದರೆ ನುಡಿಗಟ್ಟು ಇಲ್ಲಿಂದ ಹುಟ್ಟಿತು ಅನ್ನೋದಕ್ಕೆ ಇದೂ ಸಾಲದು. ಕಾಲ್‌ಕ್ರಾಫ್ಟ್ ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೆ ಮಾತು ಕಾಣಿಸಿಕೊಳ್ಳುವುದು.

ಹಳೇ ಹಗ್ಗದಿಂದ ನಿಜವಾಗಿ ವ್ಯಾಪಾರ ಕುದುರಿಸಿದವರು ಅಮೆರಿಕದಲ್ಲಿದ್ದರು. ಅಲ್ಲಿನ ಹಡಗುಗಳಿಗೆ ಫಿಲಿಪ್ಪೀನ್ಸಿನ ಅಬಾಕ ನಾರಿನ ಹಗ್ಗ ಬರುತ್ತಿತ್ತು. ಮನಿಲಾ ಹಗ್ಗ ಅಂತ ಅದರ ಹೆಸರು. 1843ರಲ್ಲಿ ಹಾಲಿಂಗ್ಸ್‌ವರ್ತ್ ಸಹೋದರರು ಆ ನಾರಿನಿಂದ ಕಾಗದ ಮಾಡುವುದಕ್ಕೆ ಪೇಟೆಂಟ್ ಪಡೆದರು. ಸವೆದ ಹಗ್ಗವೇ ಕಚ್ಚಾ ಮಾಲು, ಬಂದದ್ದು ಹರಿಯದ ಗಟ್ಟಿ ಕಾಗದ. ನಮ್ಮ ಆಫೀಸುಗಳಲ್ಲಿ ಮನಿಲಾ ಕವರ್ ಅಂತೀವಲ್ಲ, ಹೆಸರು ಅಲ್ಲಿಂದ ಬಂದದ್ದು. ಓಕಮ್ ಕೂಡ ಪೂರ್ತಿ ಕಾಣೆಯಾಗಿಲ್ಲ. ಬೀಡು ಕಬ್ಬಿಣದ ಹಳೇ ಮಾದರಿಯ ಒಳಚರಂಡಿ ಪೈಪುಗಳ ಜಾಯಿಂಟಿಗೆ ಅದನ್ನು ತುಂಬಿ ಮೇಲೆ ಸೀಸ ಕಾಯಿಸಿ ಸುರಿಯುವ ಪದ್ಧತಿ ಇದೆ. ಮರದ ದೋಣಿ ಕಟ್ಟುವವರೂ ಕೊಳ್ಳುತ್ತಾರೆ.

ಸುಲಭದ ದುಡ್ಡಿಗೆ ಇಂಗ್ಲಿಷಿನಲ್ಲಿ ಬೇರೆ ಮಾತುಗಳೂ ಇವೆ. ‘ಗ್ರೇವಿ ಟ್ರೇನ್’ ಅಮೆರಿಕದ್ದು. ‘ನೋಟು ಛಾಪಿಸೋಕೆ ಲೈಸೆನ್ಸ್’ ಎಂಬ ಮಾತು ಹೆಸರಾದದ್ದು ಕೆನಡಾದ ಪತ್ರಿಕೋದ್ಯಮಿ ರಾಯ್ ಥಾಮ್ಸನ್ ಬಾಯಿಂದ. 1957ರಲ್ಲಿ ಶುರುವಾದ ಸ್ಕಾಟಿಷ್ ಟೆಲಿವಿಷನ್ ಅವನದು. ವಾಣಿಜ್ಯ ಟೀವಿಯ ಪರವಾನಗಿ ಅಂದರೆ ನೋಟು ಛಾಪಿಸುವ ಪರವಾನಗಿ ಇದ್ದ ಹಾಗೆ ಎಂದಿದ್ದ. ಅವನು ತನ್ನ ಬಗ್ಗೆಯೇ ಖುಷಿಯಿಂದ ಹೇಳಿಕೊಂಡ ಮಾತು ಅದು. ಹಳೇ ಹಗ್ಗದ ಮಾತನ್ನು ಮಾತ್ರ ಜಾಸ್ತಿ ಬಳಸುವುದು ಬೇರೆಯವರ ಬಗ್ಗೆ, ಅವರ ಬೆನ್ನ ಹಿಂದೆ.

ಅದಕ್ಕೇ ಬಳಸುವಾಗ ಹುಷಾರಾಗಿರಬೇಕು. ಅಮೆರಿಕದವರ ಮುಂದೆ ಹೇಳಿದರೆ ಅರ್ಥವಾಗದೆ ಮುಖ ನೋಡಬಹುದು, ಇದು ಬ್ರಿಟಿಷರ ಮಾತು. ಇಮೇಲಿನಲ್ಲಿ ಬರೆಯುವಂಥದ್ದಲ್ಲ, ಚಹಾ ಕುಡಿಯುವಾಗ ಆಡುವಂಥದ್ದು. ತನ್ನ ಕೆಲಸದ ಬಗ್ಗೆ ತಾನೇ ಹೇಳಿಕೊಂಡರೆ ತಮಾಷೆ, ಎದುರಿಗಿರುವವನ ಕೆಲಸದ ಬಗ್ಗೆ ಹೇಳಿದರೆ ಜಗಳ. ಲಂಡನ್ನಿನ ಕ್ಲೈಂಟ್ ನಿಮ್ಮ ಬಿಲ್ ನೋಡಿ ನಗುತ್ತಲೇ ಹೀಗಂದರೆ ಅದು ಹೊಗಳಿಕೆಯಲ್ಲ. ಯಾವ ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಎಂಬ ಪಟ್ಟಿಯನ್ನು ಅವತ್ತೇ ಕಳಿಸಿಬಿಡಿ.